ಮಮ್ಮಿ ಅಂದ್ರೆ ತಾಯಿ ಅಲ್ಲ ಸ್ವಾಮಿ! ದಾವಣಗೆರೆಗೆ ಬಂದಿರೋ ಪ್ರಾಚೀನ ನಾಗರಿಕತೆ ಎಕ್ಸಿಬಿಷನ್ ನೋಡ್ಕೊಂಡ್ ಬಂದ್ವಿ

ಮೊದ್ಲು ದುಡ್ಡಿನ ಲೆಕ್ಕ ಹೇಳ್ಬಿಡ್ತೀನಿ, ಯಾಕಂದ್ರೆ ಹೋಗೋಕ್ ಮುಂಚೆ ನಾನೂ ಇದನ್ನೇ ಹುಡುಕಿ ಹುಡುಕಿ ಸಾಕಾಯ್ತು, ಎಲ್ಲೂ ಸಿಗ್ಲಿಲ್ಲ. ದೊಡ್ಡೋರಿಗೆ 150, ಮಕ್ಕಳಿಗೆ 100. ನಾನು, ನಮ್ಮನೆಯವ್ರು, ನಮ್ಮತ್ತೆ, ಐದನೇ ಕ್ಲಾಸ್ ಮಗ, ಒಂದನೇ ಕ್ಲಾಸ್ ಮಗಳು, ಅಲ್ಲಿಗೇ 650 ಆಯ್ತು. ಒಳಗಡೆ ವಿಆರ್ ಕನ್ನಡಕಕ್ಕೆ (ಕಣ್ಣಿಗೆ ಹಾಕ್ಕೊಂಡ್ರೆ ಸುತ್ತ ಸಿನಿಮಾ ಕಾಣೋದು) ಬೇರೆ 80, ಮಕ್ಕಳು ಬರ್ದ ಮಣ್ಣಿನ ಹಲಗೆ ಮನೆಗೆ ತಗೊಂಡ್ ಹೋಗ್ಬೇಕಂದ್ರೆ ಒಂದಕ್ಕೆ 30, ಎರಡು ತಗೊಂಡ್ವಿ, ಕಾರ್ ಪಾರ್ಕಿಂಗ್ 20. ಒಟ್ಟು 810. ವಾಪಸ್ ಬರೋವಾಗ ತಿಂದ ಬೆಣ್ಣೆ ದೋಸೆ ಈ ಲೆಕ್ಕದಲ್ಲಿಲ್ಲ, ಅದು ಹೆಂಗೂ ತಿಂತಿದ್ವಿ.

ಊರೂರು ತಿರುಗೋ ಖಾಸಗಿಯವ್ರ ಪ್ರದರ್ಶನ ಇದು, ಹೆಸರು ಹಾಕಲ್ಲ, ಊರಲ್ಲಿ ಇರೋರಿಗೆ ಆಟೋ ಹಿಂದೆ ಅಂಟಿಸಿರೋ ಪೋಸ್ಟರ್ ನೋಡಿದ್ರೆ ಗೊತ್ತಾಗುತ್ತೆ. ಒಂದು ಸಮುದಾಯ ಭವನ ಬಾಡಿಗೆಗೆ ತಗೊಂಡು ಒಳಗೆ ಥರ್ಮಾಕೋಲು, ಪ್ಲೈವುಡ್ಡು, ಪರದೆ ಹಾಕಿ ಈಜಿಪ್ಟು, ಮೆಸೊಪೊಟೇಮಿಯ (ಈಗಿನ ಇರಾಕ್ ಕಡೆ), ಹರಪ್ಪ, ಚೀನಾ ಅಂತ ನಾಲ್ಕು ಭಾಗ ಮಾಡವ್ರೆ. "ಮುಟ್ಟಿ ಕಲಿಯಿರಿ" ಅಂತ ಬಾಗಿಲಲ್ಲೇ ದೊಡ್ಡದಾಗಿ ಬರ್ದಿದ್ರು, ನಾನು ಹೋಗಿದ್ದೇ ಅದಕ್ಕೆ. ನನ್ನ ಮಗನ್ನ ಯಾವ ಮ್ಯೂಸಿಯಂಗೆ ಕರ್ಕೊಂಡ್ ಹೋದ್ರೂ ಗಾಜಿನ ಮೇಲೆ ಮೂಗು ಒತ್ತಿ ಉಸಿರು ಬಿಟ್ಟು ಅದ್ರಲ್ಲಿ ಗೊಂಬೆ ಬರೀತಾನೆ ಅಷ್ಟೇ.

ಈಗ ಮಮ್ಮಿ ಕಥೆ. ಈಜಿಪ್ಟ್ ಭಾಗದ ಮೊದಲ್ನೇ ಬೋರ್ಡ್, ಮೇಲೆ ಇಂಗ್ಲಿಷು ಕೆಳಗೆ ಕನ್ನಡ. ನಮ್ಮತ್ತೆಗೆ ಕನ್ನಡಕ ಹಾಕ್ಕೊಂಡು ಎಲ್ಲಾ ಬೋರ್ಡನ್ನೂ ಜೋರಾಗಿ ಓದೋ ಅಭ್ಯಾಸ, ಬಸ್ಸಲ್ಲಿ ಹೋದ್ರೂ ಅಂಗಡಿ ಬೋರ್ಡ್ ಓದ್ತಾ ಹೋಗ್ತಾರೆ. ಓದಿದ್ರು: "ಪ್ರಾಚೀನ ಈಜಿಪ್ಟಿನಲ್ಲಿ ತಾಯಿಯನ್ನು ಸುಮಾರು 40 ದಿನಗಳ ಕಾಲ ಉಪ್ಪಿನಲ್ಲಿ ಇಡಲಾಗುತ್ತಿತ್ತು." ಓದಿ ಅಲ್ಲೇ ನಿಂತ್ಬಿಟ್ರು. "ಯವ್ವಾ, ಹೆತ್ತ ತಾಯಿನ ಉಪ್ಪಿನಕಾಯಿ ಹಾಕ್ದಂಗೆ ಹಾಕ್ತಿದ್ರಾ, ಎಂಥಾ ಮಕ್ಳವ್ವಾ ಅವು" ಅಂತ ನನ್ನ ಮುಖ ನೋಡಿದ್ರು, ಅದೂ ನನ್ನನ್ನೇ ಯಾಕೆ ನೋಡಿದ್ರು ಅಂತ ಇನ್ನೂ ಯೋಚ್ನೆ ಮಾಡ್ತಿದೀನಿ. ಮಮ್ಮಿ ಅಂದ್ರೆ ಕೆಡದಂಗೆ ಒಣಗಿಸಿ ಬಟ್ಟೆ ಸುತ್ತಿಟ್ಟ ಹೆಣ, ಆ ಪದನ ಕಂಪ್ಯೂಟರ್ ಗೆ ಹಾಕಿ ಕನ್ನಡ ಮಾಡಿಸವ್ರೆ, ಅದು ತಾಯಿ ಅಂತ ಕೊಟ್ಟೈತೆ, ಯಾರೂ ಓದಿಲ್ಲ, ಪ್ರಿಂಟ್ ಆಗೋಗೈತೆ. ಇಡೀ ಬೋರ್ಡಲ್ಲಿ ಒಂಬತ್ತು ಸಲ ತಾಯಿ. "ತಾಯಿಯ ಮೆದುಳನ್ನು ಮೂಗಿನ ಮೂಲಕ ಕೊಕ್ಕೆಯಿಂದ ಹೊರತೆಗೆಯುತ್ತಿದ್ದರು" ಅನ್ನೋ ಸಾಲಿಗೆ ನಮ್ಮನೆಯವ್ರು ಹೊಟ್ಟೆ ಹಿಡ್ಕೊಂಡು ಹೊರಗೆ ಹೋಗಿ ನಕ್ಕು ಬಂದ್ರು.

ಬೋರ್ಡ್ ಹಂಗಿದ್ರೂ ಅದರ ಪಕ್ಕದ ಟೇಬಲ್ ಮಾತ್ರ ಚೆನ್ನಾಗಿತ್ತು, ಅದನ್ನ ಹೇಳ್ಲೇಬೇಕು. ಒಂದು ಮೊಳ ಉದ್ದದ ಬಟ್ಟೆ ಗೊಂಬೆ, ಹೊಟ್ಟೆಗೆ ವೆಲ್ಕ್ರೋ ಪಟ್ಟಿ. ಚರ್ರ್ ಅಂತ ತೆಗೆದ್ರೆ ಒಳಗೆ ಬಟ್ಟೇಲೇ ಹೊಲಿದಿರೋ ಲಿವರ್ರು, ಕರುಳು, ಶ್ವಾಸಕೋಶ, ಜಠರ, ಹೃದಯ. ಪಕ್ಕದಲ್ಲಿ ನಾಲ್ಕು ಕುಡಿಕೆ, ಮುಚ್ಚಳದ ಮೇಲೆ ಒಂದಕ್ಕೆ ನರಿ ತಲೆ, ಒಂದಕ್ಕೆ ಗಿಡುಗ, ಒಂದಕ್ಕೆ ಕೋತಿ, ಒಂದಕ್ಕೆ ಮನುಷ್ಯನ ತಲೆ. ಯಾವ ಅಂಗ ಯಾವ ಕುಡಿಕೆಗೆ ಅಂತ ಮಕ್ಕಳು ಹಾಕ್ಬೇಕು. ಜಠರ ನರಿಗೆ, ಕರುಳು ಗಿಡುಗಕ್ಕೆ, ಶ್ವಾಸಕೋಶ ಕೋತಿಗೆ, ಲಿವರ್ ಮನುಷ್ಯನಿಗೆ. ಈಗ ನಂಗೂ ಬಾಯಿಪಾಠ ಆಗೋಗೈತೆ, ರಾತ್ರಿ ಮಗಳು ಮಲ್ಕೊಳ್ಳೋ ಮುಂಚೆ ಹೇಳಿಸ್ತಾಳೆ. ಅಂಗ ನಾಲ್ಕು ಹಾಕಿದ್ಮೇಲೆ ಹೃದಯ ಕೈಯಲ್ಲಿ ಉಳೀತು, ಅದಕ್ಕೆ ಕುಡಿಕೆ ಇಲ್ಲ. ಮಗಳು ಅತ್ತಿತ್ತ ಹುಡುಕಿದ್ಲು. ಅಲ್ಲಿ ನಿಂತಿದ್ದ ಹುಡುಗಿ, ಯಾವ್ದೋ ಕಾಲೇಜಿಂದ ಪಾರ್ಟ್ ಟೈಮ್ ಬಂದಿರ್ಬೇಕು, ತಕ್ಷಣ ಉತ್ತರ ಹೇಳ್ಲಿಲ್ಲ, "ನೀನೇ ಹೇಳಮ್ಮ, ಎಲ್ಲಿಡ್ತಾರೆ?" ಅಂತ ಕೇಳಿದ್ಲು. ಅದೇ ನಂಗೆ ಇಷ್ಟ ಆಗಿದ್ದು. ಆಮೇಲೆ ಹೇಳಿದ್ಲು, ಈಜಿಪ್ಟಿನವ್ರ ಪ್ರಕಾರ ಯೋಚ್ನೆ ಮಾಡೋದು ಮೆದುಳಲ್ಲ ಹೃದಯ, ಅದಕ್ಕೆ ಮೆದುಳು ತೆಗೆದು ಬಿಸಾಕ್ತಿದ್ರು, ಹೃದಯ ಒಳಗೇ ಬಿಡ್ತಿದ್ರು, ಸತ್ತ ಮೇಲೆ ದೇವತೆಗಳ ಮುಂದೆ ಅದನ್ನ ಒಂದು ಗರಿ ಜೊತೆ ತೂಕ ಹಾಕ್ತಾರೆ, ಪಾಪ ಜಾಸ್ತಿ ಇದ್ರೆ ತೂಕ ಬರುತ್ತೆ ಅಂತ. ಅತ್ತೆ ಅಷ್ಟೊತ್ತಿಗೆ ಸಮಾಧಾನ ಆಗಿದ್ರು, "ನಮ್ಮಲ್ಲಿ ಚಿತ್ರಗುಪ್ತ ಲೆಕ್ಕ ಬರೀತಾನೆ, ಅವ್ರಲ್ಲಿ ತಕ್ಕಡಿ" ಅಂದ್ರು. ಒಂದೇ ತೊಂದ್ರೆ, ಲಿವರ್ರು ಒಬ್ಬ ಹುಡುಗ ಜೇಬಲ್ಲಿ ಇಟ್ಕೊಂಡು ಹೊರಟಿದ್ದ, ಅವರಮ್ಮ ನೋಡಿ ವಾಪಸ್ ಕೊಡಿಸಿದ್ರು.

ವಿಆರ್ ಬಗ್ಗೆ ಜಾಸ್ತಿ ಬರೆಯಲ್ಲ. ಎರಡು ಕನ್ನಡಕ, ಒಂದು ಕೆಟ್ಟಿತ್ತು, ನಲವತ್ತು ನಿಮಿಷ ಕ್ಯೂ, ಮೂರು ನಿಮಿಷ ಸಿನಿಮಾ, ಪಿರಮಿಡ್ ಮೇಲೆ ಹಾರ್ದಂಗೆ. ಚಿಕ್ಕವಳಿಗೆ ವಯಸ್ಸಾಗಿಲ್ಲ ಅಂತ ಕ್ಯೂ ತುದಿಗೆ ಬಂದ್ಮೇಲೆ ಹೇಳಿದ್ರು, ಅವಳು ಅತ್ತಿದ್ದು ಬೇರೆ. ಮಗ ಹೊರಗೆ ಬಂದು ಹೇಳಿದ್ದು ಒಂದೇ ಮಾತು, "ಯಾರೋ ಹಾಕ್ಕೊಂಡಿದ್ದು ಬೆವರಿತ್ತಮ್ಮ." ಟಚ್ ಸ್ಕ್ರೀನ್ ನಾಲ್ಕಿದ್ವು, ಅದ್ರಲ್ಲಿ ಚೀನಾದ್ದು ಸುತ್ತು ಸುತ್ತು ತಿರುಗ್ತಾನೇ ಇತ್ತು. 1974ರಲ್ಲಿ ರೈತರು ಬಾವಿ ತೋಡೋವಾಗ ಸಿಕ್ಕ ಮಣ್ಣಿನ ಸೈನಿಕರ ವಿಷಯ, ಎಂಥಾ ಕಥೆ ಹೇಳ್ಬಹುದಿತ್ತು, ನಮ್ಮ ಕಡೆ ಬೋರ್ ವೆಲ್ ಹೊಡೆಸಿ ನೀರೂ ಬರ್ದೆ ಕೂತಿರೋರಿಗಂತೂ ಇನ್ನೂ ರುಚಿ. ಬಟನ್ ಒತ್ತಿದ್ರೆ ಲೈಟ್ ಹತ್ತೋದು ಅಷ್ಟೇ. ಬಟನ್ ಒತ್ತೋದು ನಮ್ಮನೆ ಲಿಫ್ಟಲ್ಲೂ ಒತ್ತುತ್ತಾವೆ ಮಕ್ಕಳು.

ಆದ್ರೆ ಮೆಸೊಪೊಟೇಮಿಯ ಭಾಗದಲ್ಲಿ ಒಂದು ಉದ್ದ ಬೆಂಚು, ಅದರ ಮೇಲೆ ಹಸೀ ಜೇಡಿ ಮಣ್ಣಿನ ಉಂಡೆ, ಒಂದು ತಟ್ಟೆ ನೀರು, ತುದಿ ಕತ್ತರಿಸಿದ ಐಸ್ ಕ್ಯಾಂಡಿ ಕಡ್ಡಿ. ಕರೆಂಟೇ ಬೇಡ. ಅಲ್ಲಿ ನಾವು ಒಂದು ಗಂಟೆ ಕೂತಿದ್ವಿ, ಕೂತಿದ್ವಿ ಅಂದ್ರೆ ಎಬ್ಬಿಸೋಕೇ ಆಗ್ಲಿಲ್ಲ. ಮಣ್ಣನ್ನ ಹೋಳಿಗೆ ಕಣಕ ತಟ್ಟಿದಂಗೆ ಅಂಗೈಯಲ್ಲಿ ತಟ್ಟಬೇಕು, ಕಡ್ಡಿ ಮೂಲೆ ಓರೆ ಹಿಡಿದು ಒತ್ತಬೇಕು, ಎಳೀಬಾರ್ದು. ಎಳೆದ್ರೆ ಮಣ್ಣು ಹರಿದು ಎದ್ದು ಬರುತ್ತೆ, ಒತ್ತಿದ್ರೆ ಚಂದ ಮೊಳೆ ಥರ ಗುರುತು ಬೀಳುತ್ತೆ, ತಲೆ ಅಗಲ ಬಾಲ ಸಣ್ಣ. ಮೆಸೊಪೊಟೇಮಿಯದವ್ರ ಮೊಳೆ ಥರದ ಅಕ್ಷರ ಯಾಕೆ ಹಂಗೆ ಇರುತ್ತೆ ಅಂತ ನಾನು ಸ್ಕೂಲಲ್ಲಿ ಓದಿದ್ರೂ ಗೊತ್ತಾಗಿರ್ಲಿಲ್ಲ, ಕೈಯಲ್ಲಿ ಒತ್ತಿದ್ಮೇಲೆ ಅರ್ಥ ಆಯ್ತು, ಮಣ್ಣಿಗೆ ಬೇರೆ ಥರ ಬರೆಯೋಕೇ ಬರಲ್ಲ. ಅವ್ರು ಜೊಂಡಿನ ಕಡ್ಡಿ ಬಳಸ್ತಿದ್ರಂತೆ. ಸಂಖ್ಯೆ ಬರೆಯೋ ಚಾರ್ಟ್ ಇತ್ತು: ಒಂದಕ್ಕೆ ನೆಟ್ಟಗೆ ಒಂದು ಮೊಳೆ, ಹತ್ತಕ್ಕೆ ಅಡ್ಡ ಮೂಲೆ ಒತ್ತಿದ ಗುರುತು. ಮಗ ಅವನ ರೋಲ್ ನಂಬರ್ 34 ಬರ್ದ, ಮೂರು ಮೂಲೆ, ನಾಲ್ಕು ಮೊಳೆ. 59ರವರೆಗೂ ಹಿಂಗೇ ಹೋಗುತ್ತೆ, 60 ಬಂದ್ರೆ ಮತ್ತೆ ಒಂದೇ ಮೊಳೆ, ಜಾಗ ಪಕ್ಕಕ್ಕೆ ಸರಿಯುತ್ತೆ. "ಅಂದ್ರೆ ಗಡಿಯಾರದ್ದು!" ಅಂದ. ಹೌದು ಕಣಪ್ಪ, ಗಂಟೆಗೆ 60 ನಿಮಿಷ ಬಂದಿದ್ದೇ ಅವ್ರ ಲೆಕ್ಕದಿಂದ. ಆಗ ಅತ್ತೆ ಹೆಬ್ಬೆರಳಲ್ಲಿ ನಾಲ್ಕು ಬೆರಳಿನ ಗೆಣ್ಣು ಮುಟ್ಟುತ್ತಾ "ನಾನು ಜಪ ಎಣಿಸೋದು ಹಿಂಗೆ, ಒಂದು ಕೈಗೆ ಹನ್ನೆರಡು" ಅಂದ್ರು, ಆ ಹನ್ನೆರಡನ್ನ ಇನ್ನೊಂದು ಕೈಯ ಐದು ಬೆರಳಲ್ಲಿ ಲೆಕ್ಕ ಇಟ್ರೆ ಅರವತ್ತು. ಅರವತ್ತರ ಲೆಕ್ಕ ಹಿಂಗೇ ಹುಟ್ಟಿರ್ಬಹುದು ಅಂತ ಊಹೆ ಮಾಡೋರೂ ಅವ್ರೆ, ಬೋರ್ಡಲ್ಲಿ ಅದಿರ್ಲಿಲ್ಲ, ಅಜ್ಜಿ ಕೈಯಲ್ಲಿತ್ತು.

ಅದರ ಪಕ್ಕದಲ್ಲೇ ಉರ್ ಊರಿನ ಆಟದ ಹಲಗೆ. ಇರಾಕಲ್ಲಿ ಲಿಯೊನಾರ್ಡ್ ವೂಲಿ ಅನ್ನೋರು 1920ರ ದಶಕದಲ್ಲಿ ರಾಜಮನೆತನದ ಗೋರಿಗಳನ್ನ ಅಗೆದಾಗ ಸಿಕ್ಕಿದ್ದು, ನಾಲ್ಕೂವರೆ ಸಾವಿರ ವರ್ಷ ಹಳೇದು, ಅಸಲಿದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಲ್ಲಿದೆ. ಇಪ್ಪತ್ತು ಮನೆ, ಒಬ್ಬೊಬ್ಬರಿಗೆ ಏಳು ಕಾಯಿ. ಆಟದ ನಿಯಮ ಹೆಂಗೆ ಗೊತ್ತಾಯ್ತು ಅಂದ್ರೆ, ತುಂಬಾ ಕಾಲ ಆದ್ಮೇಲೆ ಬ್ಯಾಬಿಲೋನಿನವ್ರು ಮಣ್ಣಿನ ಹಲಗೆ ಮೇಲೆ ಅದರ ಬಗ್ಗೆ ಬರ್ದಿಟ್ಟಿದ್ದನ್ನ ಆ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಓದಿ ಬಿಡಿಸಿದ್ರು. ಇದನ್ನ ಇಲ್ಲಿ ಒಂದು ದೊಡ್ಡ ಪ್ಲೈವುಡ್ ಮೇಲೆ ಬಣ್ಣ ಹಚ್ಚಿ ಇಟ್ಟಿದ್ರು, ಹೂವಿನ ಗುರುತಿರೋ ಮನೆಗೆ ಬಂದ್ರೆ ಇನ್ನೊಂದು ಸಲ ಆಡ್ಬಹುದು, ಅಲ್ಲಿ ಕೂತ ಕಾಯಿನ ಹೊಡೆಯಂಗಿಲ್ಲ. ಕಾಲೇಜು ಹುಡುಗ ಇನ್ನೂ ವಿವರಿಸ್ತಾ ಇದ್ದ, ನಮ್ಮತ್ತೆ ಸೆರಗು ಸಿಗಿಸ್ಕೊಂಡು "ಗೊತ್ತಾಯ್ತು ಬಿಡಪ್ಪ, ಚೌಕಾಬಾರದ ಕಟ್ಟೆ ಮನೆ" ಅಂತ ಕೂತೇಬಿಟ್ರು. ಕವಡೆ ಬದಲು ನಾಲ್ಕು ಮೂಲೆಯ ದಾಳ, ಅದೊಂದೇ ಸ್ವಲ್ಪ ಅನುಮಾನದಿಂದ ನೋಡಿದ್ರು. "ನಾಲ್ಕೂ ಕವಡೆ ಅಂಗಾತ ಬಿದ್ರೆ ಚೌಕ, ನಾಲ್ಕೂ ಬೋರಲು ಬಿದ್ರೆ ಬಾರ ಅಂದ್ರೆ ಎಂಟು, ಇದ್ರಲ್ಲಿ ಎಂಟು ಇಲ್ವಾ? ಮಜಾ ಇಲ್ಲ" ಅಂದ್ರು. ಆ ಹುಡುಗನ್ನ ಎರಡು ಆಟ ಸೋಲಿಸಿದ್ರು. ಸುತ್ತ ಹದಿನೈದಿಪ್ಪತ್ತು ಜನ ಸೇರಿದ್ರು, ವಿಆರ್ ಕ್ಯೂ ಬಿಟ್ಟು ಬಂದೋರೂ ಇದ್ರು ಅದ್ರಲ್ಲಿ. ಅರವತ್ತೆಂಟು ವರ್ಷದ ಅಜ್ಜಿ "ಕಡಿ ಅವನ್ನ, ಕಡಿ!" ಅಂತ ಮೊಮ್ಮಗಳಿಗೆ ಕೂಗೋದನ್ನ ಯಾವ ಸ್ಕ್ರೀನಲ್ಲಿ ತೋರಿಸ್ತೀರ.

ಹರಪ್ಪ ಭಾಗ ಹಾಫ್ ಚೆನ್ನಾಗಿತ್ತು ಹಾಫ್ ಇಲ್ಲ. ಇಟ್ಟಿಗೆ ಆಟ ಒಳ್ಳೇದು: ಎತ್ತರ 1 ಇದ್ರೆ ಅಗಲ 2, ಉದ್ದ 4, ಆ ಅಳತೆಯ ಮರದ ತುಂಡು ನೂರಾರು ಸುರಿದಿದ್ರು, ಹೆಂಗೆ ಜೋಡಿಸಿದ್ರೂ ಅಂಚು ಕೂಡುತ್ತೆ. ಮಗ ಚರಂಡಿ ಕಟ್ಟಿ ಮೇಲೆ ಮುಚ್ಚಳನೂ ಹಾಕ್ದ, ನಮ್ಮನೆಯವ್ರು "ನಮ್ಮ ವಾರ್ಡಿಗೆ ಇವ್ನನ್ನೇ ಇಂಜಿನಿಯರ್ ಮಾಡ್ಬೇಕು" ಅಂದ್ರು. ಆಮೇಲೆ ತಕ್ಕಡಿ ಮತ್ತೆ ಘನಾಕಾರದ ತೂಕದ ಕಲ್ಲು. ಅಸಲಿ ಕಲ್ಲು 1, 2, 4, 8, 16, 32, 64 ಅಂತ ದುಪ್ಪಟ್ಟಾಗ್ತಾ ಹೋಗುತ್ತೆ, 16ರದ್ದು ಸುಮಾರು 13.7 ಗ್ರಾಂ. ನಮ್ಮನೆಯವ್ರದ್ದು ಕಿರಾಣಿ ಅಂಗಡಿ, ತಕ್ಕಡಿ ನೋಡಿದ ತಕ್ಷಣ ಅವ್ರ ಕೈ ಸುಮ್ನಿರಲ್ಲ. ಖಾಲಿ ತಕ್ಕಡಿ ಎತ್ತಿದ್ರು, ಎಡಗಡೆ ತಟ್ಟೆ ಇಳೀತು. "ಹರಪ್ಪದವ್ರು ಹಿಂಗೆ ವ್ಯಾಪಾರ ಮಾಡಿದ್ರೆ ಒಂದು ವಾರಕ್ಕೆ ಊರು ಬಿಡ್ಬೇಕಿತ್ತು" ಅಂತ ಟಿಕೆಟ್ ಮಡಚಿ ಬಲಗಡೆ ತಟ್ಟೆಗೆ ಹಾಕಿ ಸಮ ಮಾಡಿದ್ರು, ಆಮೇಲೆ ಮಗನಿಗೆ ಹನ್ನೊಂದು ತೂಗು ನೋಡಣ ಅಂದ್ರು. ಹನ್ನೊಂದರ ಕಲ್ಲೇ ಇಲ್ವಲ್ಲ ಅಂತ ಒಂದು ನಿಮಿಷ ನಿಂತು, 8 ಇಟ್ಟ, 2 ಇಟ್ಟ, 1 ಇಟ್ಟ. ಆಮೇಲೆ ಅವ್ನೇ ಹದಿಮೂರು, ಹದಿನಾಲ್ಕು ಮಾಡ್ದ, ನಾಲ್ಕೇ ಕಲ್ಲಲ್ಲಿ 1ರಿಂದ 15ರವರೆಗೂ ಎಲ್ಲಾ ತೂಗ್ಬಹುದು ಅಂತ ಕಂಡುಹಿಡಿದು ಕುಣಿದ. ಹದಿನಾರಾಣೆ ಲೆಕ್ಕ ನೋಡ್ದೋರಿಗೆ ಅಂದ್ರೆ ನಮ್ಮತ್ತೆಗೆ ಇದೇನು ಹೊಸದಲ್ಲ, ಅರ್ಧಾಣೆ, ಒಂದಾಣೆ, ಎರಡಾಣೆ, ನಾಲ್ಕಾಣೆ, ಎಂಟಾಣೆ ಅಂತ ಶುರು ಮಾಡಿದ್ರು. ಆದ್ರೆ ಮುದ್ರೆ ಟೇಬಲ್ ಖಾಲಿ ಹೊಡೀತಿತ್ತು, ರಬ್ಬರ್ ಸ್ಟ್ಯಾಂಪ್ ಕಳೆದೋಗಿದೆ ಅಂದ್ರು. ಮುದ್ರೆ ಮೇಲಿರೋ ಹರಪ್ಪ ಲಿಪಿನ ಇನ್ನೂ ಯಾರೂ ಎಲ್ರೂ ಒಪ್ಪೋ ಹಂಗೆ ಓದಿಲ್ಲ ಅನ್ನೋದನ್ನ ಬೋರ್ಡಲ್ಲಿ ಹಾಕಿದ್ರೆ ಮಕ್ಕಳಿಗೆ ಎಷ್ಟು ಆಸೆ ಹುಟ್ತಿತ್ತು, ಅದನ್ನ ಬಿಟ್ಟು "ಹರಪ್ಪ ಜನರು ಶಾಂತಿಪ್ರಿಯರು" ಅಂತ ಐದು ಸಾಲು.

ಈಗ ನನ್ನ ದೊಡ್ಡ ತಕರಾರು. ನೈಲು, ಟೈಗ್ರಿಸು, ಸಿಂಧು ಎಲ್ಲಾ ಬಂತು, ತುಂಗಭದ್ರೆ ಎಲ್ರೀ? ದಾವಣಗೆರೆಯಲ್ಲಿ ಹಾಕಿರೋ ಪ್ರದರ್ಶನ, ಚಿತ್ರದುರ್ಗ ಅರವತ್ತು ಕಿಲೋಮೀಟರು, ಒಂದೇ ಒಂದು ಫೋಟೋ ಇಲ್ಲ. ಅತ್ತೆ ಊರು ಮೊಳಕಾಲ್ಮೂರು ಕಡೆ, ಬ್ರಹ್ಮಗಿರಿ ಬೆಟ್ಟದ ಹತ್ರ. ಅಲ್ಲಿ ಬಂಡೆ ಮೇಲೆ ಅಶೋಕನ ಶಾಸನ ಐತೆ, ಊರೋರು ಅಕ್ಷರದ ಗುಂಡು ಅಂತಾರೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದಿದ್ದು, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಹತ್ತಿರ ಹತ್ತಿರನೇ. ಅದನ್ನ ಬರೆದವ್ನ ಹೆಸರು ಚಪಡ. ಈ ಮನುಷ್ಯ ಪೂರ್ತಿ ಬ್ರಾಹ್ಮಿಲಿಪಿಯಲ್ಲಿ ಬರ್ದು ಕೊನೆಗೆ ತಾನು ಲಿಪಿಕಾರ ಅನ್ನೋ ಒಂದು ಪದ ಮಾತ್ರ ಖರೋಷ್ಠಿಯಲ್ಲಿ ಬರ್ದವ್ನೆ, ಅದು ವಾಯವ್ಯ ಭಾರತದ ಲಿಪಿ, ಬಲದಿಂದ ಎಡಕ್ಕೆ ಬರೆಯೋದು. ಎಲ್ಲಿಯವ್ನೋ ಎಲ್ಲಿಗೋ ಬಂದು ಮೊಳಕಾಲ್ಮೂರು ಬಿಸಿಲಲ್ಲಿ ಬಂಡೆ ಮುಂದೆ ಕೂತು "ನೋಡ್ರಪ್ಪ, ನಂಗೆ ಇದೂ ಬರುತ್ತೆ" ಅಂತ ಸೈನ್ ಹಾಕಿ ಹೋದಂಗೆ. ಮಕ್ಕಳಿಗೆ ಹೇಳೋಕೆ ಇದಕ್ಕಿಂತ ಕಥೆ ಬೇಕಾ? ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಅಗೆಸಿ ಕಲ್ಲಿನ ಕೊಡಲಿ ಕಾಲದ್ದು, ದೊಡ್ಡ ಕಲ್ಲಿನ ಗೋರಿ ಕಾಲದ್ದು ಎಲ್ಲಾ ಪದರ ಪದರವಾಗಿ ತೆಗೆದ್ರು. ಒಂದು ಪ್ಲಾಸ್ಟಿಕ್ ಟಬ್ಬಲ್ಲಿ ಮೂರು ಬಣ್ಣದ ಮಣ್ಣು ಹಾಕಿ ಒಳಗೆ ಮಡಕೆ ಚೂರು ಹೂತಿಟ್ಟು ಬ್ರಶ್ ಕೊಟ್ಟಿದ್ರೆ ಸಾಕಿತ್ತು, ಮೇಲಿನ ಪದರದಲ್ಲಿ ಸಿಕ್ಕಿದ್ದು ಈಚಿನದು, ಕೆಳಗಿಂದು ಹಳೇದು ಅಂತ ಆರು ವರ್ಷದ ಮಗುಗೂ ಗೊತ್ತಾಗ್ತಿತ್ತು.

ಇದನ್ನೇ ತಲೆಯಲ್ಲಿಟ್ಕೊಂಡು ಮನೆಗೆ ಬಂದು ನಾನು ಸ್ಲೇಟು ಬಳಪ ತೆಗೆದೆ. ಅಶೋಕನ ಕಾಲದ ಬ್ರಾಹ್ಮಿಯಲ್ಲಿ ಕ ಅಂದ್ರೆ ಕೂಡೋ ಗುರುತು, ರ ಅಂದ್ರೆ ನೆಟ್ಟಗೆ ಒಂದು ಗೆರೆ, ಗ ಅಂದ್ರೆ ಗುಡಿಸಲ ಸೂರು, ನ ಅಂದ್ರೆ ಅಡ್ಡಗೆರೆ ಮೇಲೆ ನಿಲ್ಸಿದ ಕಂಬ. ಕಂಬ, ಸೂರು, ಗೆರೆ, ಅಲ್ಲಿಗೆ "ನಗರ" ಆಯ್ತು. ಮಗಳು ಎರಡು ದಿನ ಮನೆ ಗೋಡೆ ತುಂಬಾ ನಗರ ಬರ್ದವ್ಳೆ.

ಮುಂದಿನ ಭಾನುವಾರ ಎಲ್ರೂ ಚಿತ್ರದುರ್ಗದ ಚಂದ್ರವಳ್ಳಿಗೆ ಹೋದ್ವಿ. ಬೆಳಿಗ್ಗೆ ಬೇಗ ಹೋಗಿದ್ದಕ್ಕೆ ಬಿಸಿಲಿರ್ಲಿಲ್ಲ, ಕೆರೆ ಪಕ್ಕ ಕೂತು ಕಟ್ಕೊಂಡ್ ಹೋಗಿದ್ದ ಮಂಡಕ್ಕಿ ತಿಂದು, ಅಂಕಲಿ ಮಠದ ಗುಹೆಗೆ ಇಳಿದ್ವಿ. ಟಾರ್ಚ್ ಹಿಡಿದು ಮುಂದೆ ಹೋದ ಅಣ್ಣ ಒಂದು ಕೋಣೆಯಲ್ಲಿ ಟಾರ್ಚ್ ಆಫ್ ಮಾಡಿ ಹತ್ತು ಎಣಿಸಿದ್ರು, ಮಗಳು ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ಲು ಅಂದ್ರೆ ಬಳೆ ಗುರುತು ಬಿದ್ದಿತ್ತು, ಲೈಟ್ ಹಾಕಿದ ತಕ್ಷಣ "ಇನ್ನೊಂದ್ಸಲ" ಅಂದ್ಲು. ವಿಆರ್ ಅವ್ರು ಇದನ್ನ ಬಂದು ನೋಡ್ಬೇಕು. ಆಮೇಲೆ ಮಯೂರಶರ್ಮನ ಶಾಸನ, ಕದಂಬರ ಮೊದಲ ರಾಜ, ನಾಲ್ಕನೇ ಶತಮಾನ, ಕೆರೆ ಕಟ್ಟಿಸಿದ ವಿಷಯ ಪ್ರಾಕೃತದಲ್ಲಿ ಬರೆಸವ್ನೆ. ಅಶೋಕನ ಅಕ್ಷರಕ್ಕೂ ಇದಕ್ಕೂ ಐನೂರು ವರ್ಷಕ್ಕಿಂತ ಜಾಸ್ತಿ ಅಂತರ, ಅಕ್ಷರ ಬಾಗಿ ತಿರುಚ್ಕೊಂಡಿರುತ್ತೆ, ಆದ್ರೂ ಮಗಳು ಬಂಡೆ ಮುಂದೆ ನಿಂತು ಅವಳ ಸೂರು, ಗೆರೆ ಹುಡುಕಿದ್ಲು. ಚಂದ್ರವಳ್ಳಿ ಅಗೆದಾಗ ಶಾತವಾಹನರ ನಾಣ್ಯದ ಜೊತೆ ರೋಮಿನ ಬೆಳ್ಳಿ ನಾಣ್ಯನೂ ಸಿಕ್ಕಿದ್ವು ಅಂತ ಹೇಳಿದ್ದಕ್ಕೆ ಮಗ "ಇಲ್ಲಿ ರೋಮ್ ದುಡ್ಡು ಯಾರು ತಗೋತಿದ್ರು, ಅಪ್ಪನ ಅಂಗಡೀಲಿ ಹರಿದಿರೋ ಹತ್ತು ರೂಪಾಯೇ ತಗೊಳಲ್ಲ" ಅಂದ. ನಮ್ಮನೆಯವ್ರು ಉತ್ತರ ಕೊಟ್ರು, ಬೆಳ್ಳಿ ಅಂದ್ರೆ ಯಾರ ಮುಖ ಇದ್ರೇನು, ತೂಗಿ ತಗೋತಾರೆ. ಪಾಠ ಮುಗೀತು, ತಕ್ಕಡಿಗೆ ಬಂದು ನಿಂತ್ಕೊಳ್ತು.

ಹೋಗ್ಬೇಕಾ ಬೇಡ್ವಾ ಅಂತ ಕೇಳೋರಿಗೆ: ಹೋಗಿ, ಆದ್ರೆ ವಾರದ ದಿನ ಬೆಳಿಗ್ಗೆ ಹೋಗಿ. ಶನಿವಾರ ಭಾನುವಾರ ಸಂಜೆ ಕಾಲಿಡೋಕಾಗಲ್ಲ, ಫ್ಯಾನ್ ನಾಲ್ಕೇ ಇವೆ, ಎರಡು ಸ್ಪೀಕರಲ್ಲಿ ಎರಡು ಬೇರೆ ಬೇರೆ ಕಾಮೆಂಟ್ರಿ ಒಟ್ಟಿಗೆ ಓಡ್ತಿರುತ್ತೆ. ವಿಆರ್ 80 ರೂಪಾಯಿ ಉಳಿಸಿ ಅದ್ರಲ್ಲಿ ಎರಡು ಮಣ್ಣಿನ ಹಲಗೆ ತಗೊಳ್ಳಿ, 20 ಇನ್ನೂ ಉಳಿಯುತ್ತೆ. ಹಲಗೆನ ಬಿಸಿಲಿಗಿಡಬೇಡಿ, ನಾವು ಇಟ್ವಿ, ಮಗನ 34 ಮಧ್ಯಕ್ಕೆ ಬಿರುಕು ಬಿಟ್ಟು 30 ಒಂದು ಕಡೆ 4 ಒಂದು ಕಡೆ ಆಗೈತೆ. ನೆರಳಲ್ಲಿ ಒದ್ದೆ ಬಟ್ಟೆ ಸುತ್ತಿ ನಿಧಾನ ಒಣಗಿಸ್ಬೇಕಿತ್ತು, ಮಣ್ಣಿಗೆ ಒಂಚೂರು ಹೊಟ್ಟು ಬೆರೆಸ್ಬೇಕಿತ್ತು ಅಂತ ಅತ್ತೆ ಆಮೇಲೆ ಹೇಳಿದ್ರು, ಒಲೆ ಹಾಕಿದ ಕೈ ಅವ್ರದ್ದು. ಅಜ್ಜ ಅಜ್ಜಿ ಇದ್ರೆ ಬಿಟ್ಟು ಹೋಗ್ಬೇಡಿ, ಅರ್ಧ ವಸ್ತು ಅವ್ರಿಗೇ ಗೊತ್ತಿರುತ್ತೆ. ಟಾಯ್ಲೆಟ್ ಕ್ಲೀನ್ ಇತ್ತು, ಕುಡಿಯೋ ನೀರು ಇಟ್ಟಿದ್ರು, ವ್ಹೀಲ್ ಚೇರ್ ಹೋಗೋ ಹಂಗೆ ಇಳಿಜಾರು ಇಲ್ಲ.

ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ, ಮೂರೂ ಆ ಬೆಂಚಿಗೆ, ಆಟದ ಹಲಗೆಗೆ, ತಕ್ಕಡಿಗೆ. ಬೋರ್ಡ್ ವಿಷಯ ಹೊರಡೋವಾಗ ಕೌಂಟರಲ್ಲಿದ್ದ ಹುಡುಗನಿಗೆ ಹೇಳಿದೆ, ತೋರಿಸ್ದೆ ಕೂಡ. ಓದಿ ಅವ್ನೂ ನಕ್ಕ, "ಮೂರು ಊರು ಮುಗಿಸ್ಕೊಂಡು ಬಂದಿದೀವಿ ಮೇಡಂ, ಯಾರೂ ಹೇಳಿಲ್ಲ, ನಾಳೆನೇ ಮೇಲೆ ಸ್ಟಿಕ್ಕರ್ ಅಂಟಿಸ್ತೀನಿ" ಅಂದ. ಈ ವಾರ ಹೋಗೋರು ದಯವಿಟ್ಟು ನೋಡಿ ಹೇಳಿ, ಇನ್ನೂ ತಾಯಿನೇ ಉಪ್ಪಲ್ಲಿ ಇಟ್ಟವ್ರಾ ಅಂತ, ಅತ್ತೆ ದಿನಾ ಕೇಳ್ತಾವ್ರೆ.